ಮೂರನೇ ನಂಬರಿನ ಡೆಸ್ಕು

ಒಂಬತ್ತನೇ ಷರತ್ತು ಬರೆದವಳು ನಾನೇ. ಅದನ್ನು ಬೇರೆ ಯಾರ ತಲೆಗೂ ಕಟ್ಟುವಂತಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಟೆಂಡರ್ ಕಾಯ್ದೆ ಆಗಷ್ಟೇ ಬಂದಿತ್ತು. ಮೈಸೂರಿನ ನಮ್ಮ ಜಿಲ್ಲಾ ಕಚೇರಿಯಲ್ಲಿ ಅದರ ಪುಸ್ತಕವನ್ನು ಎಲ್ಲರೂ ಬಿಸಿ ಪಾತ್ರೆ ಮುಟ್ಟಿದ ಹಾಗೆ ಮುಟ್ಟಿ ಪಕ್ಕದ ಮೇಜಿಗೆ ದಾಟಿಸುತ್ತಿದ್ದರು. ದಾಟುತ್ತ ದಾಟುತ್ತ ಅದು ನನ್ನ ಮೇಜಿನ ಮೇಲೆ ಬಂದು ಕೂತಿತು. ಜೊತೆಗೊಂದು ಕಡತ: ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಮರದ ಡೆಸ್ಕುಗಳ ಖರೀದಿ. ನಾನು ಪ್ರಥಮ ದರ್ಜೆ ಸಹಾಯಕಿ; ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಕೆಲಸಕ್ಕೆ ಸೇರಿದವಳು. ಅನುಕಂಪದವರಿಗೆ ಕಚೇರಿಯಲ್ಲಿ ಒಲ್ಲೆ ಎನ್ನುವ ಹಕ್ಕು ಸ್ವಲ್ಪ ಕಡಿಮೆ. ತೆಗೆದುಕೊಂಡೆ.

ಹಿಂದಿನ ವರ್ಷ ಇದೇ ಖರೀದಿಯಲ್ಲಿ ರಾದ್ಧಾಂತವಾಗಿತ್ತು. ಟೆಂಡರಿಗೆ ಬಂದವರೆಲ್ಲ ಒಂದೊಂದು ಮಾದರಿ ಡೆಸ್ಕು ತಂದಿಡಬೇಕು, ಸಮಿತಿ ಪರೀಕ್ಷಿಸಿ ಮಾರ್ಕು ಕೊಡಬೇಕು ಎಂಬುದು ಮೊದಲಿನಿಂದ ಬಂದ ಪದ್ಧತಿ. ದರವನ್ನು ಇಲಾಖೆಯೇ ನಿಗದಿ ಮಾಡುತ್ತಿತ್ತು, ಹಾಗಾಗಿ ಪೈಪೋಟಿ ಏನಿದ್ದರೂ ಕೆಲಸದಲ್ಲಿ. ಆದರೆ ಪ್ರತಿ ಡೆಸ್ಕಿನ ಮೇಲೂ ಮಾಡಿದವರ ಹೆಸರು ದಪ್ಪಕ್ಷರದಲ್ಲಿರುತ್ತಿತ್ತು. ಸಮಿತಿಯವರು ಮರ ನೋಡುವ ಮೊದಲು ಹೆಸರು ನೋಡಿದರು. ಹೊರಗಿನ ದೊಡ್ಡ ಕಂಪನಿಯೊಂದರ ಏಜೆಂಟನಿಗೆ ಕೆಲಸ ಹೋಯಿತು, ಆ ಡೆಸ್ಕುಗಳು ಒಂದು ಮಳೆಗಾಲ ಕಳೆಯುವುದರೊಳಗೆ ಕಾಲು ಅಗಲಿಸಿಕೊಂಡು ನಿಂತವು. ಊರಿನ ಸಣ್ಣ ವರ್ಕ್‌ಶಾಪಿನವರು ಸೇರಿ ಅರ್ಜಿ ಹಾಕಿದರು. ನಮ್ಮ ಸಾಹೇಬರು ನನ್ನನ್ನು ಕರೆದು, ಈ ಸಲ ಯಾರೂ ಬೆರಳು ತೋರಿಸದ ಹಾಗೆ ಏನಾದರೂ ಮಾಡಿ ಎಂದರು. ಅವರು ಕೆಟ್ಟವರಲ್ಲ. ನಿವೃತ್ತಿಗೆ ಎರಡು ವರ್ಷ ಇದ್ದ ಮನುಷ್ಯ.

ನಾನು ಯೋಚಿಸಿದ್ದು ಹತ್ತನೇ ಕ್ಲಾಸಿನ ಉತ್ತರಪತ್ರಿಕೆಯ ಲೆಕ್ಕದಲ್ಲಿ. ತಿದ್ದುವವರಿಗೆ ಅದು ಯಾರ ಮಗುವಿನದೆಂದು ತಿಳಿಯುವುದಿಲ್ಲವಲ್ಲ, ಇದೂ ಹಾಗೇ ಆಗಲಿ. ಡೆಸ್ಕಿನ ಮೇಲೆ ಬರೀ ಸೀಮೆಸುಣ್ಣದ ನಂಬರು; ಯಾವ ನಂಬರು ಯಾರದೆಂಬುದು ಅರಗು ಹಾಕಿದ ಲಕೋಟೆಯೊಳಗೆ. ಅದಕ್ಕಾಗಿ ಷರತ್ತುಗಳ ಪಟ್ಟಿಗೆ ಒಂಬತ್ತನೆಯದನ್ನು ಸೇರಿಸಿದೆ: 'ಮಾದರಿಯ ಮೇಲೆ ತಯಾರಕರನ್ನು ಸೂಚಿಸುವ ಯಾವುದೇ ಹೆಸರು, ಗುರುತು ಅಥವಾ ಚಿಹ್ನೆ ಇದ್ದಲ್ಲಿ ಅಂತಹ ಮಾದರಿಯನ್ನು ತಿರಸ್ಕರಿಸಲಾಗುವುದು.' ಸಾಹೇಬರು ಎರಡು ಸಲ ಓದಿ, ಭೇಷ್ ಎಂದು ಸಹಿ ಹಾಕಿದರು. ನನಗೂ ಒಳಗೊಳಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಟೆಂಡರ್ ಫಾರಂ ತೆಗೆದುಕೊಳ್ಳಲು ಬಂದವರಲ್ಲಿ ಒಬ್ಬರು ಅರವತ್ತರ ಹತ್ತಿರದ ಮೇಸ್ತ್ರಿ. ಮೂರು ತಲೆಮಾರಿನಿಂದ ಮೈಸೂರಿನಲ್ಲೇ ಇರುವ ಕ್ರಿಶ್ಚಿಯನ್ ಮನೆತನ, ಅಪ್ಪನ ಕಾಲದ ವರ್ಕ್‌ಶಾಪು. ಊರಿನ ಎಷ್ಟೋ ಶಾಲೆಗಳ ಹಳೇ ಬೆಂಚುಗಳು ಅವರ ಅಪ್ಪನ ಕೈಯವು. ಫಾರಂ ಓದಲು ಕನ್ನಡಕ ತಂದಿರಲಿಲ್ಲ, ಷರತ್ತುಗಳನ್ನೆಲ್ಲ ನಾನೇ ಗಟ್ಟಿಯಾಗಿ ಓದಿ ಹೇಳಿದೆ. ಒಂಬತ್ತನೆಯದನ್ನು ಕೇಳಿ ನಕ್ಕರು. "ಹೆಸ್ರು ಬರ್ಯೋ ಅಭ್ಯಾಸವೇ ಇಲ್ಲ ಬುಡಿ ಅಮ್ಮ ನಮ್ಗೆ. ಬರ್ದಿದ್ರೆ ಇಷ್ಟೊತ್ತಿಗೆ ನಾವೂ ಶೋರೂಮ್ ಇಟ್ಟಿರ್ತಿದ್ವಿ," ಅಂದರು.

ಆಮೇಲೆ ತಾವಾಗಿಯೇ ಮನೆ ವಿಷಯ ಹೇಳುವಷ್ಟು ಸಲೀಸಾಗಿ ಹೇಳಿದರು. ಕಬ್ಬಿಣದ ಮಂಚ, ಪ್ಲಾಸ್ಟಿಕ್ ಕುರ್ಚಿ, ರೆಡಿಮೇಡ್ ಬೀರು ಬಂದಮೇಲೆ ವರ್ಕ್‌ಶಾಪಿಗೆ ಆರ್ಡರು ನಿಂತೇಹೋಗಿವೆ. ನಾಲ್ಕು ಜನ ಕೆಲಸಗಾರರು, ಎರಡು ಮಷೀನು. ಈ ಡೆಸ್ಕು ಸಿಕ್ಕರೆ ಒಂದು ವರ್ಷ ಬಾಗಿಲು ತೆರೆದಿರುತ್ತದೆ, ಇಲ್ಲದಿದ್ದರೆ ಕ್ರಿಸ್‌ಮಸ್ಸಿನೊಳಗೆ ಮಷೀನು ಮಾರಿ ತಾವು ಎಲ್ಲಾದರೂ ಕೂಲಿಗೆ ಹೋಗಬೇಕು. ಅರವತ್ತಕ್ಕೆ ಕೂಲಿಯೇ ಎಂದು ಕೇಳಿದೆ. ಕೈ ಇದೆಯಲ್ಲ ಎಂದರು.

ಐದು ಮಾದರಿಗಳು ಬಂದವು. ಒಬ್ಬರದು ಇನ್ನೊಬ್ಬರು ನೋಡಬಾರದೆಂದು ಒಬ್ಬೊಬ್ಬರಿಗೆ ಒಂದೊಂದು ಹೊತ್ತು ಕೊಟ್ಟಿದ್ದೆ. ಕಚೇರಿಯ ಹಿಂದಿನ ಹಳೇ ದಾಸ್ತಾನು ಕೋಣೆಯಲ್ಲಿ ಸಾಲಾಗಿ ಇಳಿಸಿಕೊಂಡು, ಬೀಗದ ಕೈ ನನ್ನ ಸೆರಗಿನ ತುದಿಗೆ ಕಟ್ಟಿಕೊಂಡೆ. ಮೊದಲನೆಯದು ಕುಂಬಾರಕೊಪ್ಪಲಿನ ವರ್ಕ್‌ಶಾಪಿನದು. ಎರಡನೆಯದು ಇಲವಾಲದ ಒಂದು ಷೆಡ್ಡಿನದು. ಮೂರನೆಯದು ಮೇಸ್ತ್ರಿಯದು. ನಾಲ್ಕನೆಯದು ಮಂಡಕಳ್ಳಿ ಕಡೆಯ ಅಣ್ಣತಮ್ಮಂದಿರದು. ಐದನೆಯದು ಅದೇ ಹೊರಗಿನ ಕಂಪನಿಯದು, ಪ್ಲಾಸ್ಟಿಕ್ ಹೊದ್ದುಕೊಂಡು ಬಂದಿತ್ತು.

ನಂಬರು ಬರೆಯಲು ಹೋದಾಗ ನೋಡುತ್ತೇನೆ, ಒಂದನೇ ಡೆಸ್ಕಿಗೆ ಅರಿಶಿನ ಕುಂಕುಮ ಮೆತ್ತಿದೆ. ಎರಡನೆಯದಕ್ಕೆ ಮೂರೆಳೆ ವಿಭೂತಿ, ನಡುವೆ ಕುಂಕುಮ. ನಾಲ್ಕನೆಯದಕ್ಕೆ ಕುಂಕುಮದ ಜೊತೆಗೆ ಒಂದು ಮೊಳ ಮಲ್ಲಿಗೆ. ಅದರಲ್ಲಿ ನನಗೇನೂ ಸೋಜಿಗ ಅನ್ನಿಸಲಿಲ್ಲ. ಮೊದಲು ಮಾಡಿದ ಸಾಮಾನನ್ನು ಪೂಜೆ ಮಾಡದೆ ಯಾರು ಹೊರಗೆ ಕಳಿಸುತ್ತಾರೆ? ನಮ್ಮ ಮನೆಗೆ ಮಿಕ್ಸಿ ಬಂದಾಗಲೂ ನಮ್ಮತ್ತೆ ವಿಭೂತಿ ಹಚ್ಚಿದ್ದರು. ಸಮಿತಿ ಬರುವ ಮುಂಚೆ ಒಮ್ಮೆ ಒರೆಸಿಬಿಡಿ ಎಂದು ನಮ್ಮ ಜವಾನರಿಗೆ ಬಟ್ಟೆ ಕೊಟ್ಟೆ.

ಅವರು ಎರಡು ಹೆಜ್ಜೆ ಹಿಂದೆ ಸರಿದರು. ವಯಸ್ಸಾದವರು, ನನ್ನ ಮಾತಿಗೆ ಎಂದೂ ಎದುರಾಡಿದವರಲ್ಲ. "ಶುಕ್ರವಾರ ಬೇರೆ. ಕುಂಕುಮ ಅಳ್ಸೋ ಕೆಲ್ಸ ನನ್ ಕೈಲಿ ಮಾಡಿಸ್ಬೇಡಿ ಅಮ್ಮಾವ್ರೆ," ಅಂದರು.

"ಕೊಡಿ ಇಲ್ಲಿ. ನನ್ ಹಣೇದೇ ಅಳಿಸಿ ಆಗಿದೆ, ಡೆಸ್ಕಿಂದು ಯಾವ ಲೆಕ್ಕ," ಎಂದೆ. ಅವರ ಮುಖ ಸಪ್ಪಗಾಯಿತು. ಹಾಗೆ ಅನ್ನಬಾರದಿತ್ತು. ನನ್ನ ನಾಲಿಗೆ ಆ ವರ್ಷಗಳಲ್ಲಿ ಹಾಗೇ ಇತ್ತು. ಆಡಿದ ಮೇಲೆ ಬೇಸರವೂ ಆಗುತ್ತಿರಲಿಲ್ಲ.

ಮೂರನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅರಿಶಿನ ಮರದ ಎಳೆಯೊಳಗೆ ಇಳಿದಿತ್ತು, ಸ್ಯಾಂಡ್ ಪೇಪರಿನ ತುಂಡಿನಿಂದ ಉಜ್ಜಿದೆ. ಮಲ್ಲಿಗೆಯನ್ನು ಕಿಟಕಿಯ ಮೇಲಿಟ್ಟೆ. ಮೂರನೇ ನಂಬರಿನ ಡೆಸ್ಕಿನ ಮೇಲೆ ಧೂಳು ಕೂಡ ಇರಲಿಲ್ಲ, ಅದನ್ನು ಮುಟ್ಟುವ ಕೆಲಸವೇ ಬೀಳಲಿಲ್ಲ. ನಾನೇ ಬರೆದ ಷರತ್ತಿನ 'ಗುರುತು' ಎಂಬ ಮಾತು ಆ ಅರ್ಧ ಗಂಟೆಯಲ್ಲಿ ಒಮ್ಮೆಯೂ ನೆನಪಾಗಲಿಲ್ಲ.

ಸಮಿತಿಯಲ್ಲಿ ಮೂವರು: ನಮ್ಮ ಸಾಹೇಬರು, ಒಬ್ಬ ಇಂಜಿನಿಯರು, ಒಬ್ಬ ಮುಖ್ಯೋಪಾಧ್ಯಾಯಿನಿ. ಇಂಜಿನಿಯರು ಟೇಪು ಹಿಡಿದು ಹಲಗೆಯ ದಪ್ಪ, ಕಾಲುಗಳ ಓರೆ ಎಲ್ಲ ಅಳೆದರು. ಪಾಲಿಷಿನ ಮೇಲೆ ನೀರು ಸುರಿದು ಒಂದು ಗಂಟೆ ಬಿಟ್ಟರು. ಕಚೇರಿಯಲ್ಲಿ ತೂಕದವರೆಂದು ಹೆಸರಾದ ಮೂವರನ್ನು ಕೂರಿಸಿ ಎಬ್ಬಿಸಿ ಮಾಡಿದರು. ಮುಖ್ಯೋಪಾಧ್ಯಾಯಿನಿಯ ಪರೀಕ್ಷೆ ಬೇರೆ. ಅವರು ಡೆಸ್ಕಿನ ಹಿಂದೆ ಕೂತು, ಮಕ್ಕಳು ಮಾಡುವ ಹಾಗೆ ಎರಡೂ ಕಾಲು ಮುಂದಿನ ಅಡ್ಡಪಟ್ಟಿಗೆ ಕೊಟ್ಟು ಒದ್ದು ಒದ್ದು ನೋಡಿದರು. ಐದನೆಯದು ಕಿರುಗುಟ್ಟಿತು. ಎರಡನೆಯದು ಮತ್ತು ನಾಲ್ಕನೆಯದು ಸ್ವಲ್ಪ ಅಲುಗಿದವು. ಮೂರನೆಯದರಲ್ಲಿ ಮೊಳೆಯೇ ಇರಲಿಲ್ಲ. ಮರದೊಳಗೆ ಮರ ಕೂರಿಸಿದ ಕೆಲಸ, ಗೋಡೆಯನ್ನು ಒದ್ದ ಹಾಗಾಯಿತು. ಇದನ್ನು ನಮ್ಮ ಸ್ಕೂಲಿಗೆ ಮೊದಲು ಕಳಿಸಿ ಎಂದು ಅವರು ಅಲ್ಲೇ ಕೇಳಿಬಿಟ್ಟರು.

ಮೂರನೆಯದಕ್ಕೆ ಮೊದಲ ಸ್ಥಾನ, ಒಂದನೆಯದಕ್ಕೆ ಎರಡನೆಯದು. ಕಂಪನಿಯದು ಕಡೆಗೆ ಬಂತು. ಅದನ್ನು ಬರೆದುಕೊಳ್ಳುವಾಗ ನನ್ನ ಕೈ ಸ್ವಲ್ಪ ಚುರುಕಾಗಿತ್ತು ಎಂದು ನೆನಪು.

ಫಲಿತಾಂಶದ ದಿನ ಐವರನ್ನೂ ಅದೇ ಕೋಣೆಗೆ ಕರೆದೆವು. ಸಾಹೇಬರು ಲಕೋಟೆ ಒಡೆದು ಮೂರನೇ ನಂಬರು ಯಾರದೆಂದು ಓದಿದರು. ಮೇಸ್ತ್ರಿ ಎದ್ದು ಎಲ್ಲರಿಗೂ ಒಂದೇ ನಮಸ್ಕಾರ ಹಾಕಿ ಕೂತರು. ಮುಖದಲ್ಲಿ ನಗು ಬರಲಿಲ್ಲ, ಕಣ್ಣು ಮಾತ್ರ ಒದ್ದೆಯಾಯಿತು. ಆಗ ಕುಂಬಾರಕೊಪ್ಪಲಿನವರು ಎದ್ದು ನಿಂತರು.

ಅವರು ನಲವತ್ತರ ಆಸುಪಾಸಿನವರು. ಸ್ವಂತ ವರ್ಕ್‌ಶಾಪು ಹಾಕುವ ಮುಂಚೆ ಹನ್ನೊಂದು ವರ್ಷ ಮೇಸ್ತ್ರಿಯ ಹತ್ತಿರವೇ ಕೆಲಸ ಕಲಿತವರು. ಇದು ನನಗೆ ಆಗ ಗೊತ್ತಿರಲಿಲ್ಲ. ಅವರು ಮೇಸ್ತ್ರಿಯ ಮುಖ ನೋಡದೆ ಸಾಹೇಬರನ್ನೇ ನೋಡುತ್ತ ಮಾತಾಡಿದರು. "ನನ್ಗೆ ಯಾರ ಮೇಲೂ ದ್ವೇಷ ಇಲ್ಲ ಸಾರ್. ನಂಗೂ ಆರು ಜನ ಕೆಲ್ಸದವ್ರವ್ರೆ. ನಿಮ್ ಒಂಬತ್ನೇ ರೂಲು ಇದೆಯಲ್ಲ, ಅದ್ರ ಪ್ರಕಾರ ಆ ಡೆಸ್ಕ್ ಒಂಚೂರು ಮಗುಚಿ ನೋಡಿ."

ಜವಾನರೂ ಇನ್ನೊಬ್ಬರೂ ಸೇರಿ ಮಗುಚಿದರು. ಕೂರುವ ಹಲಗೆಯ ಅಡಿಯಲ್ಲಿ, ಬಡಗಿಗಳು ಕಿವಿಗೆ ಸಿಕ್ಕಿಸಿಕೊಳ್ಳುವ ಚಪ್ಪಟೆ ಪೆನ್ಸಿಲಿನಲ್ಲಿ ಎಳೆದ, ಹೆಬ್ಬೆರಳಿನಷ್ಟು ದೊಡ್ಡ ಶಿಲುಬೆ ಇತ್ತು.

ಮೇಸ್ತ್ರಿ ಬಗ್ಗಿ ನೋಡಿದರು. ನಿಜವಾಗಿಯೂ ಅವರಿಗೇ ಅದು ಹೊಸ ಸುದ್ದಿಯಂತಿತ್ತು. ಯಾವ ಆರ್ಡರಾದರೂ ಮೊದಲನೇ ಸಾಮಾನಿಗೆ ಅಪ್ಪ ಹಾಗೆ ಗೀಚುತ್ತಿದ್ದರು, ತಾನೂ ಗೀಚುತ್ತೇನೆ, ಗೀಚಿದ್ದು ಕೈಗೆ ಗೊತ್ತೇ ಹೊರತು ತಲೆಗೆ ಗೊತ್ತಿಲ್ಲ ಎಂದು ತಡವರಿಸುತ್ತ ಹೇಳಿದರು. ಸಮಿತಿಯವರು ಯಾರೂ ಅದನ್ನು ನೋಡಿರಲಿಲ್ಲ. ಇಂಜಿನಿಯರು ಹಾಗಂತ ಹೇಳಿಯೂ ಹೇಳಿದರು. ಆದರೆ ಷರತ್ತಿನಲ್ಲಿ 'ಕಂಡಲ್ಲಿ' ಎಂದಿರಲಿಲ್ಲ, 'ಇದ್ದಲ್ಲಿ' ಎಂದಿತ್ತು. ಅಷ್ಟು ಬಿಗಿಯಾಗಿ ಬರೆದಿದ್ದೆ ನಾನು. ಐವರಲ್ಲಿ ಕ್ರಿಶ್ಚಿಯನ್ನರು ಒಬ್ಬರೇ, ಆದ್ದರಿಂದ ಅದು ತಯಾರಕರನ್ನು ಸೂಚಿಸುವ ಚಿಹ್ನೆಯೇ ಎಂದು ಕಂಪನಿಯ ಏಜೆಂಟ್ ಇಂಗ್ಲಿಷಿನಲ್ಲಿ ವಿವರಿಸಿದ. ಕುಂಬಾರಕೊಪ್ಪಲಿನವರು ಕೂರುವಾಗ ಒಮ್ಮೆ ತಮ್ಮ ಡೆಸ್ಕಿನ ಕಡೆ, ಅರಿಶಿನ ಕುಂಕುಮ ಇದ್ದ ಜಾಗದ ಕಡೆ ನೋಡಿದರು. ಆಮೇಲೆ ನನ್ನ ಕಡೆ ನೋಡಿದರು. ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೂರು ಗಂಟೆಯೊಳಗೆ ತಿರಸ್ಕಾರದ ಟಿಪ್ಪಣಿ ಬರೆದಿಡಿ ಎಂದು ಸಾಹೇಬರು ಹೇಳಿ ಊಟಕ್ಕೆ ಹೋದರು. ನಾನು ಡಬ್ಬಿ ಬಿಚ್ಚಿದೆ. ಜವಾನರು ನೀರು ತಂದಿಟ್ಟು ಅಲ್ಲೇ ನಿಂತರು.

"ಅಲ್ಲಾ ಅಮ್ಮಾವ್ರೆ, ಅಂಗಾರೆ ಕುಂಕುಮ? ಅದು ಗುರ್ತಲ್ವಾ?" ಅಂದರು.

ಕುಂಕುಮ ಎಲ್ಲರೂ ಇಡುವುದು, ಅದರಿಂದ ಯಾರದೆಂದು ಹೇಗೆ ಗೊತ್ತಾಗುತ್ತದೆ ಎಂದು ನಾನು ತಟ್ಟನೆ ಹೇಳಿದೆ. ಅವರು ತಲೆಯಾಡಿಸಿ ಹೋದರು. ಕಲಸಿದ ಅನ್ನವನ್ನು ಹಾಗೇ ಬಿಟ್ಟೆ. ಎಲ್ಲರೂ ಎಂದರೆ ಯಾರು? ಐದರಲ್ಲಿ ಮೂರಕ್ಕೆ ಇತ್ತು. ಕಂಪನಿಯದು ಗೋದಾಮಿನಿಂದ ಬರುತ್ತದೆಂದು ಎಲ್ಲರಿಗೂ ಗೊತ್ತು, ಅದಕ್ಕೆ ಯಾರು ಪೂಜೆ ಮಾಡುತ್ತಾರೆ. ಹಾಗಾದರೆ ಉಳಿದ ನಾಲ್ಕರಲ್ಲಿ ಕುಂಕುಮ ಇಲ್ಲದ್ದೇ ಒಂದು ಗುರುತು. ವಿಭೂತಿಯಂತೂ ಇಲವಾಲದವರು ಯಾರ ಪೈಕಿ ಎಂದು ಕೂಗಿ ಹೇಳುತ್ತಿತ್ತು. ಅದನ್ನು ನಾನು ನೋಡಿದೆ, ನಮ್ಮವರದು ಅನ್ನಿಸಿತು, ಒರೆಸಿದೆ. ಮೂವರ ಗುರುತನ್ನು ನನ್ನ ಕೈಯಾರೆ ಅಳಿಸಿ ಅವರನ್ನು ಉಳಿಸಿದೆ. ಮೇಸ್ತ್ರಿಯ ಗುರುತು ಹಲಗೆಯ ಅಡಿಗಿತ್ತು, ನನ್ನ ಕಣ್ಣು ಅಲ್ಲಿಗೆ ಹೋಗಲಿಲ್ಲ. ವ್ಯತ್ಯಾಸ ಇಷ್ಟೇ.

ಡಬ್ಬಿ ಮುಚ್ಚಿ ಟಿಪ್ಪಣಿ ಹಾಳೆ ತೆಗೆದುಕೊಂಡೆ. ಕಡತದ ಟಿಪ್ಪಣಿ ಹದಿಮೂರನೇ ಕಂಡಿಕೆಗೆ ನಿಂತಿತ್ತು; ಹದಿನಾಲ್ಕನೆಯದರಲ್ಲಿ ನಡೆದದ್ದನ್ನೆಲ್ಲ ಬರೆದೆ. ಮಾದರಿಗಳು ನನ್ನ ವಶದಲ್ಲಿದ್ದವು. ಒಂದು, ಎರಡು ಮತ್ತು ನಾಲ್ಕನೇ ಮಾದರಿಗಳ ಮೇಲಿದ್ದ ಧಾರ್ಮಿಕ ಗುರುತುಗಳನ್ನು ನಾನೇ ಅಳಿಸಿರುತ್ತೇನೆ. ಮೂರನೆಯದನ್ನು ತಿರಸ್ಕರಿಸುವುದಾದರೆ ಅವನ್ನೂ ತಿರಸ್ಕರಿಸಬೇಕಾಗುತ್ತದೆ. ಇಲ್ಲವೇ ನಾಲ್ಕನ್ನೂ ಸಮಾನವಾಗಿ ಪರಿಗಣಿಸಿ ಮೊದಲಿನ ಫಲಿತಾಂಶವನ್ನೇ ಎತ್ತಿಹಿಡಿಯಬಹುದು. ಸಹಿ ಹಾಕಿ ಸಾಹೇಬರ ಮೇಜಿನ ಮೇಲಿಟ್ಟು ಬಂದೆ.

ಸಾಹೇಬರು ಮೂರು ಗಂಟೆಗೆ ಕರೆದರು. ಬಾಗಿಲು ಹಾಕಿಸಿದರು. ಬೈಯಲಿಲ್ಲ. ಇದನ್ನು ಕಳಿಸಿದರೆ ಏನಾಗುತ್ತದೆ ಎಂದು ಗೊತ್ತೇ ಎಂದು ಕೇಳಿದರು. ನನಗೆ ಗೊತ್ತಿತ್ತು. ಮೇಲಿನವರು ನಾಲ್ಕನ್ನೂ ಸಮಾನವಾಗಿ ಒಪ್ಪುವುದಿಲ್ಲ, ನಾಲ್ಕನ್ನೂ ಸಮಾನವಾಗಿ ಹೊರಗೆ ಹಾಕುತ್ತಾರೆ. ಉಳಿಯುವುದು ಕಿರುಗುಟ್ಟುವ ಐದನೆಯದು. ಇಲ್ಲವೇ ಮರುಟೆಂಡರು, ಅದರಲ್ಲಿ ವರ್ಷಕ್ಕೆ ಇಷ್ಟು ವಹಿವಾಟು ಇರಲೇಬೇಕೆಂಬ ಮಿತಿ ಹಾಕಿದರೆ ಸಣ್ಣವರು ಬಾಗಿಲಿಗೂ ಬರುವ ಹಾಗಿಲ್ಲ.

"ಒಬ್ರಿಗೆ ಅನ್ಯಾಯ ಆಯ್ತು ಅಂತ ನಾಲ್ಕು ಜನರ ಅನ್ನ ಕಳೀತೀರೇನಮ್ಮ? ಈಗ ಹೋದ್ರೂ ಕೆಲ್ಸ ಸಣ್ಣವ್ರಿಗೇ ಹೋಗ್ತದೆ, ಕುಂಬಾರಕೊಪ್ಪಲಿಗೆ. ಅದಾದ್ರೂ ಇರ್ಲಿ ಬಿಡಿ," ಅಂದರು. ಆಮೇಲೆ, ವಶದಲ್ಲಿದ್ದ ಮಾದರಿಯನ್ನು ತಿದ್ದಿದ್ದೇನೆ ಎಂದು ಕೈಯಾರೆ ಬರೆದುಕೊಟ್ಟವರ ಮೇಲೆ ವಿಚಾರಣೆ ಇಡದೆ ತಮಗೂ ವಿಧಿಯಿಲ್ಲ ಎಂದು ಸೇರಿಸಿದರು. ಹಾಳೆಯನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು.

ಅವರ ಮೊದಲನೇ ಮಾತು ಸುಳ್ಳಲ್ಲ. ಆ ಮೂರು ವರ್ಕ್‌ಶಾಪಿನ ಜನರನ್ನು ನೆನೆದು ಹಾಳೆ ವಾಪಸ್ ತೆಗೆದುಕೊಂಡೆ ಎಂದು ನಾನು ಎಷ್ಟೋ ವರ್ಷ ನನಗೇ ಹೇಳಿಕೊಂಡಿದ್ದೇನೆ. ನಿಜ ಏನೆಂದರೆ, ನಾನು ಕೇಳಿಸಿಕೊಂಡದ್ದು ಎರಡನೇ ಮಾತನ್ನು ಮಾತ್ರ. ಹೆದರಿದೆ. ಮಿಕ್ಕಿದ್ದೆಲ್ಲ ಆಮೇಲೆ ಅದಕ್ಕೆ ಹೊದಿಸಿದ ಬಟ್ಟೆ. ಹದಿನಾಲ್ಕನೇ ಕಂಡಿಕೆಯನ್ನು ಹೊಸದಾಗಿ ಎರಡು ಸಾಲಿನಲ್ಲಿ ಬರೆದೆ. 'ಮೂರನೇ ಮಾದರಿಯ ಮೇಲೆ ಚಿಹ್ನೆ ಕಂಡುಬಂದಿದ್ದು, ಷರತ್ತು ಒಂಬತ್ತರ ಮೇರೆಗೆ ತಿರಸ್ಕರಿಸಬಹುದು.' ಹಳೇ ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿದೆ. ಐದೂವರೆಗೆ ಎದ್ದು ದೇವರಾಜ ಮಾರುಕಟ್ಟೆಯಲ್ಲಿ ತರಕಾರಿ ತೆಗೆದುಕೊಂಡು ಮನೆಗೆ ಹೋದೆ. ಅಳು ಬರಬಹುದು ಅಂದುಕೊಂಡಿದ್ದೆ, ಬರಲಿಲ್ಲ. ಹುರುಳಿಕಾಯಿ ಬಲಿತಿದೆಯೆಂದು ಮಾರುವವಳ ಜೊತೆ ಜಗಳ ಮಾತ್ರ ಆಡಿದೆ.

ತಿರಸ್ಕೃತರಿಗೆ ಮೇಲ್ಮನವಿಗೆ ಮೂವತ್ತು ದಿನ ಇರುತ್ತದೆ. ಅಲ್ಲಿಯವರೆಗೆ ಮಾದರಿಗಳು ಕಚೇರಿಯಲ್ಲೇ ಇರಬೇಕು. ಆ ಮೂವತ್ತು ದಿನ ನಾನು ಟಪಾಲು ಬಂದಾಗಲೆಲ್ಲ ಮೇಲಿನಿಂದ ಕೆಳಗೆ ನೋಡುತ್ತಿದ್ದೆ. ಮೇಸ್ತ್ರಿ ಮೇಲ್ಮನವಿ ಹಾಕಲಿ ಎಂದು ಬೆಳಿಗ್ಗೆ ಅನ್ನಿಸುತ್ತಿತ್ತು, ಹಾಕದಿರಲಿ ಎಂದು ಸಂಜೆ. ಹೋಗಿ ಹೇಳಿದ್ದರೆ ಅವರು ಹಾಕಬಹುದಿತ್ತು. ಅವರ ವಿಳಾಸ ಕಡತದಲ್ಲೇ ಇತ್ತು, ಬಸ್ಸಿನಲ್ಲಿ ಹತ್ತು ನಿಮಿಷ. ಹೋಗಲಿಲ್ಲ. ಕುಂಬಾರಕೊಪ್ಪಲಿನವರು ಕರಾರಿಗೆ ಸಹಿ ಹಾಕಲು ಬಂದರು. ಕುರ್ಚಿ ತೋರಿಸಿದರೂ ಕೂರದೆ, ನಿಂತೇ ಸಹಿ ಹಾಕಿ ಹೋದರು.

ಮೂವತ್ತು ದಿನ ಮುಗಿದು ಮೂರನೇ ದಿನ ಮೇಸ್ತ್ರಿ ತಮ್ಮ ಡೆಸ್ಕು ಒಯ್ಯಲು ಆಟೋ ಗಾಡಿ ತಂದರು. ದಾಸ್ತಾನು ಕೋಣೆಯ ಬೀಗ ತೆಗೆದುಕೊಟ್ಟೆ. ಅವರು ನೆಮ್ಮದಿಯಾಗಿಯೇ ಇದ್ದರು. ಮಷೀನು ಎರಡನ್ನೂ ಕುಂಬಾರಕೊಪ್ಪಲಿನವರೇ ಕೊಂಡರಂತೆ. ಕೆಲಸ ಜಾಸ್ತಿ ಇದೆ, ನೀವೇ ಬಂದು ನಿಂತು ಮಾಡಿಸಿಕೊಡಿ ಎಂದು ಮನೆಗೆ ಬಂದು ಕೇಳಿದರಂತೆ. ನಾಲ್ವರಲ್ಲಿ ಇಬ್ಬರು ಕೆಲಸಗಾರರನ್ನೂ ಇಟ್ಟುಕೊಂಡರಂತೆ. ಸೋಮವಾರದಿಂದ ಹೋಗಬೇಕು ಎಂದರು. "ನಿಮ್ದೇನೂ ತಪ್ಪಿಲ್ಲ ಅಮ್ಮ. ನೀವು ಓದಿ ಓದಿ ಹೇಳಿದ್ರಿ. ನಾನೇ ಕೈಯಾರೆ ಕೆಡಿಸ್ಕೊಂಬುಟ್ಟೆ," ಅಂದರು.

ಆ ಮಾತನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಮೂವತ್ತಮೂರು ದಿನ ಬಾಯಿಗೆ ಬಾರದ್ದು ಆಗ ಬಂತು. ಕುಂಕುಮದ್ದು, ವಿಭೂತಿಯದು, ಸ್ಯಾಂಡ್ ಪೇಪರಿನದು, ಹರಿದ ಹಾಳೆಯದು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಹೇಳುತ್ತಿದ್ದ ಹಾಗೆ ಎದೆ ಹಗುರಾಯಿತು. ಅದನ್ನೂ ಮುಚ್ಚಿಡುವುದಿಲ್ಲ.

ಅವರು ಡೆಸ್ಕಿಗೆ ಹಗ್ಗ ಸುತ್ತುತ್ತಿದ್ದವರು ನಿಲ್ಲಿಸಿದರು. ಮೂರಕ್ಕೂ ಇತ್ತೇ ಎಂದು ಕೇಳಿದರು. ಹೌದು ಎಂದೆ. ಮನವಿ ಹಾಕಿಕೊಳ್ಳುವ ದಿನ ಇನ್ನೂ ಇದೆಯೇ ಎಂದರು. ಮೊನ್ನೆ ಮುಗಿಯಿತು ಎಂದೆ. ಅವರು ಡೆಸ್ಕಿನ ಮೇಲೆ ಕೂತರು. ಹಗ್ಗದ ತುದಿ ಕೈಯಲ್ಲೇ ಇತ್ತು. ಹೊರಗೆ ಗಾಡಿಯವನು ಎರಡು ಸಲ ಹಾರನ್ ಹೊಡೆದ.

"ಹೇಳ್ಬಾರ್ದಾಗಿತ್ತು ಕಣಮ್ಮ ನೀವು," ಅಂದರು. "ತಪ್ಪು ನಂದೇ ಅಂದ್ಕೊಂಡು ಒಂದ್ ತಿಂಗ್ಳಿಂದ ಎಂಗೋ ಮನ್ಸು ಒಪ್ಪಿಸ್ಕೊಂಡಿದ್ದೆ. ಅವ್ನ ಹತ್ರ ಕೂಲಿಗೆ ಹೋಗೋಕೂ ಒಪ್ಪಿತ್ತು. ಇನ್ಮೇಲೆ ಯಾವ ಮುಖ ಇಟ್ಕೊಂಡು ಹೋಗ್ಲಿ ಹೇಳಿ?"

ನಾನು ಡೆಸ್ಕಿನ ಒಂದು ತುದಿ ಹಿಡಿದುಕೊಳ್ಳಲು ಹೋದೆ. ಬೇಡ ಎಂದು ಕೈ ಅಡ್ಡ ಹಿಡಿದು, ಗಾಡಿಯವನನ್ನು ಕೂಗಿದರು.

ಸೋಮವಾರ ಹೋದರಂತೆ. ಬೇರೆ ದಾರಿ ಇರಲಿಲ್ಲ.